ಬಲದಿಂದ ಎಣಿಸು

ಕಾರಟಗಿಯ ದಲಾಲಿ ಅಂಗಡಿಯ ಅಟ್ಟದ ಮೇಲೆ ನನ್ನ ಮೇಜು.
ಕೀಲಿಮಣೆಯ ಸಂದಿನಲ್ಲಿ ತೌಡು.
ಕೆಳಗೆ ತಕ್ಕಡಿಯ ಮುಂದೆ ಹಮಾಲರು ಎಣಿಸುತ್ತಾರೆ,
ಲಾಭ, ಎರಡು, ಮೂರು...
ನಾನೂ ಎಣಿಸುತ್ತೇನೆ, ಚುಕ್ಕೆಗಳನ್ನು.

ಮಿಲ್ಲಿಗೊಂದು ವಿಳಾಸ ಹಂಚಿದ್ದೆವು.
ಮುಂದಿನ ತುಂಡು ಅವರವರದು, ಹಿಂದಿನದು ನಮ್ಮದು:
ಅಮರೇಶ್ವರ ಚುಕ್ಕೆ ನೆಲ್ಲುಪೇಟೆ ಚುಕ್ಕೆ ಇನ್,
ಭ್ರಮರಾಂಬ ಚುಕ್ಕೆ ನೆಲ್ಲುಪೇಟೆ ಚುಕ್ಕೆ ಇನ್.
ದಿನಾ ಹತ್ತು ಗಂಟೆಗೆ ನನ್ನ ಸ್ಕ್ರಿಪ್ಟು
ಬಾಗಿಲು ಬಾಗಿಲು ತಟ್ಟಿ
ಸೋನಾದ ದರ ಕೇಳಿಕೊಂಡು ಬರಬೇಕು.

ಬರೆದದ್ದು ಹದಿನಾಲ್ಕೇ ಸಾಲು.
ಚುಕ್ಕೆ ಕಂಡಲ್ಲಿ ಕತ್ತರಿಸು,
ಮೊದಲ ತುಂಡೇ ಮಿಲ್ಲಿನ ಹೆಸರು ಅನ್ನು.
ಎಂಟು ದಿನ ನಡೆಯಿತು.

ಒಂಬತ್ತನೇ ದಿನ ಭ್ರಮರಾಂಬದ ಅಣ್ಣತಮ್ಮಂದಿರು ಪಾಲಾದರು,
ಹೆಸರಿನ ಮುಂದೆ ಹಳೇ ಎಂದೊಬ್ಬ, ಹೊಸ ಎಂದೊಬ್ಬ,
ನಡುವೆ ಮತ್ತೊಂದು ಚುಕ್ಕೆ, ಗೋಡೆ ಕಟ್ಟಿದ ಹಾಗೆ.
ಅಮರೇಶ್ವರದವರು ಮೂರು ಡಬ್ಲ್ಯು ಅಂಟಿಸಿಕೊಂಡರು,
ಲಗ್ನಪತ್ರಿಕೆಯಲ್ಲಿ ಶ್ರೀ ಹಾಕಿಸಿದಂತೆ.
ದರದ ಹಾಳೆಯಲ್ಲಿ ಬಂತು:
ಡಬ್ಲ್ಯು ಡಬ್ಲ್ಯು ಡಬ್ಲ್ಯು, ಹದಿನೆಂಟುನೂರ ನಲವತ್ತು.
"ಇದ್ಯಾವ ಹೊಸಾ ಮಿಲ್ಲವ್ವ, ನಾ ಕಾಣದ್ದು?"
ಗವಿಸಿದ್ದಪ್ಪ ಸಾಹುಕಾರರು ಕನ್ನಡಕ ತೆಗೆದು ಒರೆಸಿ
ಮತ್ತೆ ಹಾಕಿಕೊಂಡರು.

ಲಾರಿ ಚೀಟಿ ಬರೆಯುವ ಖಾದರಬಾಷಾ ಚಾಚಾ
ಉರ್ದು ಪೇಪರು ಮಡಚಿಟ್ಟು ಎದ್ದು ಬಂದ.
ಪರದೆಯ ಬಲತುದಿಗೆ ಬೆರಳಿಟ್ಟ, ತನ್ನ ರೂಢಿಯಂತೆ.
"ವೇಣಿ, ನೀ ಎಡದಿಂದ ಓದಾಕತ್ತಿ.
ಡ್ರೈವರ್ ಮೊದಲ ಜಿಲ್ಲಾ ನೋಡ್ತಾನ, ಆಮ್ಯಾಲ ಊರು,
ಮನುಷ್ಯಾನ ಹೆಸರು ಕೊನೀಗೆ.
ಹೆಸರು ನಂಬಿ ಹೊಂಟರ ಲಾರಿ ಮುಟ್ಟತೈತೇನು?"

ಅವನು ಹೋದ ಮೇಲೂ ಬೆರಳಿನ ಗುರುತು
ಗಾಜಿನ ಮೇಲೆ ಇತ್ತು.

ನಾನು ಕಾಲುವೆಯ ನೀರಿನವಳು.
ನಮ್ಮ ಕ್ಯಾಂಪಿಗೆ ಗೋದಾವರಿ ಕಡೆಯಿಂದ ಬಂದ
ತಾತ ಇಟ್ಟದ್ದು ಒಂದು ಹೆಸರು,
ರೇಷನ್ ಕಾರ್ಡಿನಲ್ಲಿ ಇನ್ನೊಂದು,
ಬಸ್ಸಿನವರು ಕೂಗುವುದು ಮೂರನೆಯದು.
ಕ್ಯಾಂಪ್ ಎಂಬ ಬಾಲವನ್ನು ಮಾತ್ರ ಯಾರೂ ಕತ್ತರಿಸಲಿಲ್ಲ.
ಗದ್ದೆಗೆ ನೀರು ಬರದಿದ್ದರೆ ಅಪ್ಪ
ತೂಬು ಬಿಟ್ಟು ಉಪಕಾಲುವೆಗೆ, ಅಲ್ಲಿಂದ ದೊಡ್ಡ ಕಾಲುವೆಗೆ
ಸೈಕಲ್ ತುಳಿಯುತ್ತಿದ್ದ.
ಮುನಿರಾಬಾದಿನ ಗೇಟು ತೆರೆಯದೆ
ಇಲ್ಲಿ ಗುದ್ದಲಿ ಹಿಡಿದೇನು?

ಹಾಗಾಗಿ ತಿರುಗಿಸಿ ಬರೆದೆ.
ಹಿಂದಿನಿಂದ ಹೊರಡು, ನಮ್ಮ ಎರಡು ತುಂಡು ಗುರುತಿಸು,
ಉಳಿದದ್ದು ಎಷ್ಟು ಚುಕ್ಕೆಯಾದರೂ ಇರಲಿ,
ಒಂದೇ ಗಂಟು ಎಂದು ತಿಳಿ.
ಇನ್ ಹಿಂದೆ ಕೋ ಸೇರಿಸಿಕೊಂಡ ಕೆಲವರಿದ್ದಾರೆ ಹೊರಗಿನ ವ್ಯಾಪಾರಿಗಳು,
ಅವರ ಪಟ್ಟಿ ಕೈಯಲ್ಲೇ ಮಾಡಿದ್ದೇನೆ,
ಇನ್ನೂ ಮುಗಿದಿಲ್ಲ.

ಶನಿವಾರ ಮುಂಗಡ ಕೇಳುತ್ತ ಒಂದು ವಿಳಾಸ ಬಂತು.
ಅಮರೇಶ್ವರ ಇತ್ತು. ನೆಲ್ಲುಪೇಟೆ ಇತ್ತು. ಇನ್ ಕೂಡ ಇತ್ತು.
ಅದರಾಚೆ ಇನ್ನೆರಡು ಚುಕ್ಕೆ,
ಕಂಡುಕೇಳರಿಯದ ಯಾರದೋ ಬಾಲ.
ಸ್ಕ್ರಿಪ್ಟು ಹೊಸ್ತಿಲಲ್ಲಿ ನಿಂತಿತು, ತಟ್ಟಲಿಲ್ಲ.
ಹಳೆಯ ಹದಿನಾಲ್ಕು ಸಾಲು
ಒಳಗೆ ಕರೆದು ಚಹಾ ಕೊಡುತ್ತಿದ್ದವು.

ನಾಳೆ ಹುಟ್ಟುವ ಮಿಲ್ಲಿಗೆಂದು ಸರ್ವರಿನಲ್ಲಿ
ಮುಂದಿನ ಜಾಗಕ್ಕೆ ಒಂದು ನಕ್ಷತ್ರ ಇಟ್ಟಿದ್ದೇನೆ,
ಯಾರೇ ಬಂದರೂ ಅದರ ಬೆಳಕಲ್ಲಿ ಒಳಗೆ ಬರಲಿ.

ಸಂಜೆ ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ, "ಎಲ್ಲಿಗೆ?"
"ಕ್ಯಾಂಪಿಗೆ."
"ಯಾವ ಕ್ಯಾಂಪು?"
ಮೂರು ಹೆಸರೂ ನಾಲಿಗೆಗೆ ಬಂದವು.
ಹನ್ನೆರಡು ರೂಪಾಯಿ ಚಿಲ್ಲರೆ ಕೊಟ್ಟೆ.
ಚೀಟಿ ಹರಿದ ಅವನು, ಇನ್ನೇನೂ ಕೇಳಲಿಲ್ಲ.