ತಾಳಿಕೋಟಿಯ ಅಗಲ

ಅಥಣಿ ರಸ್ತೆಯ ನಮ್ಮ ಎಕ್ಸ್‌ರೇ ಸೆಂಟರಿನೊಳಗ
ಮಾನಿಟರು ಹಳೇದು, ಚೌಕ.
ತಲಿ ಮ್ಯಾಲ ಬಡೇಸೋಪಿನ ಡಬ್ಬಿ ಇಟ್ಟರ
ಬೀಳದಷ್ಟು ದಪ್ಪ.
ರಾತ್ರಿ ಒಂಬತ್ತೂವರಿಗೆ
ಹೊನವಾಡ ಮೇಡಂ ತಾಳಿಕೋಟಿಯ ಮನಿಯಿಂದ
ಇದರೊಳಗ ಇಳೀತಾರ.
ಮೌಸು ನಾ ಮುಟ್ಟೂದಿಲ್ಲ.
ಬಾಣ ತಾನ ನಡೀತದ,
ಫೈಲು ತಾನ ತೆರೀತದ,
ಖಾಲಿ ಕುರ್ಚಿಯ ಮುಂದ.

ಮೇಡಂ ಮೊನ್ನೆ ಹೊಸ ಲ್ಯಾಪ್‌ಟಾಪ್ ತಂದಾರ,
ಹಪ್ಪಳದಂಗ ತೆಳ್ಳಗ, ಪರಾತದಂಗ ಅಗಲ.
ಅವತ್ತ ಫೋನು:
"ಸಿದ್ರಾಮ, ಈ ದಾವಲಬಿ ಅನ್ನಾಕಿ
ಇಷ್ಟು ದಪ್ಪ ಅದಾಳೇನೋ?"

ಬೆಂಚಿನ ಕಡೆ ನೋಡಿದೆ.
ತಿಕೋಟಾದ ಶೆಡ್ಡಿನಾಗ ಒಣದ್ರಾಕ್ಷಿ ಆರಿಸಾಕಿ,
ತೊಟ್ಟು ಕಿತ್ತು ಕಿತ್ತು ಕರ್ರಗಾದ ಉಗುರು,
ಕೈಚೀಲ ಹಿಡಿದು ತೂಗಿದರೂ ನಲವತ್ತು ಕಿಲೋ ದಾಟಲಿಕ್ಕಿಲ್ಲ.
"ಕಡ್ಡಿ ಅದಾಳರಿ ಮೇಡಂ."
"ಹೃದಯ ಭಾಳ ಅಗಲ ಕಾಣ್ತದಲ್ಲೋ."

ನನ್ನ ಬಾಯಿ ಒಣಗಿತು.
ಆಕಿ ನನ್ನನ್ನ ನೋಡಾಕ ಹತ್ತಿದ್ದಳು,
ಗಂಡನ ಸುದ್ದಿ ತಂದವನನ್ನ ನೋಡಿದಂಗ.

"ತಡಿ," ಅಂದರು ಮೇಡಂ. ಪರದೆಗೆ ಪಟ್ಟಿ ಹಚ್ಚಿ ಅಳೆದಿರಬೇಕು.
"ಎದಿನೂ ಅಷ್ಟ ಅಗಲ ಆಗ್ಯದ.
ಅರ್ಧದ ಒಳಗ ಕೂತದ ಹೃದಯ.
ಚಿತ್ರ ಹಿಗ್ಗ್ಯದ, ಅಷ್ಟ.
ಆದರ ಬಲಕ್ಕ ಒಂದು ಕಲೆ ಅದ.
ದುಂಡಗದನೋ, ಉದ್ದಕದನೋ?
ಇದರಾಗ ತಿಳಿಯಂಗಿಲ್ಲ."

ಹುಡುಕಿದೆವು, ಅವರು ಆ ತುದಿ, ನಾ ಈ ತುದಿ.
ಮೆನುವಿನ ತಳದಾಗ ಒಂದು ಸಣ್ಣ ಚೌಕ:
ನೋಡುವ ಪರದೆಯ ಅಳತೆಗೆ ಹೊಂದಿಸು.
ಬಾಣ ಹೋತು, ಒತ್ತಿತು.

ನಮ್ಮ ಮಾನಿಟರು ಕರ್ರಗಾತು.
ಆ ಕರಿಯೊಳಗ ನನ್ನ ಮುಖ,
ಹೆಗಲ ಹಿಂದ ದಾವಲಬಿಯ ಮುಖ.
ಯಾವಾಗ ಎದ್ದು ಬಂದು ನಿಂತಿದ್ದಳೋ.

ಬೆಳಕು ಬಂತು.
ತಾಳಿಕೋಟಿಯೊಳಗ ಈಗ ಎಲ್ಲಾ ಹದ.
ನಮ್ಮ ಚೌಕದಾಗ ಮಾತ್ರ ಹಿಸುಕಿದ ಚಿತ್ರ,
ಪಕ್ಕಡಿ ಎಲುಬು ಒತ್ತರಿಸಿ
ತುಂಬಿದ ಟಂಟಂ ಏರಿದಂಗ.
"ಯಪ್ಪಾ, ನಾ ಇಷ್ಟು ಸೊರಗೀನೇನು?"
ನಗಲಿಕ್ಕೆ ಹೋದಳು, ಕೆಮ್ಮಿದಳು.
ಸುಳ್ಳಬೇ, ಇದು ಸುಳ್ಳು, ಅಂದೆ.
ಖರೆ ಅಲ್ಲಿ ಅದ.

ಅಲ್ಲಿಂದ ಭಾಳ ಹೊತ್ತು ಮಾತಿಲ್ಲ.
ಬಾಣ ಆ ಕಲೆಯ ಸುತ್ತ
ಒಂದು ಸುತ್ತು ಹಾಕಿತು, ಮತ್ತೊಂದು ಹಾಕಿತು.
"ದುಂಡಗದ. ಹಳೇ ಗಾಯ, ಸುಣ್ಣಗಟ್ಟ್ಯದ.
ಸಣ್ಣಾಕಿದ್ದಾಗ ಬಂದು ತಾನ ಹೋಗಿರಬೇಕು.
ಕೆಮ್ಮು ಶೆಡ್ಡಿನ ಗಂಧಕದ ಹೊಗಿದು.
ಮೂಗಿಗೆ ಅರಿವಿ ಕಟ್ಟಿಕೊ ಅನ್ನು."

ನಾ ಎಲ್ಲಾ ಹೇಳಿದೆ. ಆಕಿ ಕೇಳಿದ್ದು ಒಂದ:
"ಹಳೇದು ಅಂದ್ರ, ಎಷ್ಟು ಹಳೇದು?"
ಅದು ನನಗೆ ಗೊತ್ತಿರಲಿಲ್ಲ.

ಮುಂಜಾನೆ ಬಾಗಲಾ ತೆಗೆದರ
ಮಾನಿಟರು ಮತ್ತ ತನ್ನ ಚೌಕಕ್ಕ ಬಂದಿತ್ತು.
ಐಕಾನುಗಳೆಲ್ಲಾ ಎಡಮೂಲ್ಯಾಗ ಗುಂಪು,
ಕೊನೇ ಬಸ್ಸು ತಪ್ಪಿದ ಮಂದಿ.
ಒಂದೊಂದ ಹಿಡಿದು ಅದರದರ ಜಾಗಾಕ್ಕ ಇಟ್ಟೆ.
ಕಸದ ಬುಟ್ಟಿ ಒಂದು ಸಿಗಲಿಲ್ಲ.
ಅಂಚಿನ ಆಚೆ ಎಲ್ಲೋ ಉಳಿದದ,
ತಾಳಿಕೋಟಿಯ ಅಗಲದಾಗ.