ಹತ್ತೊಂಬತ್ತು ದಿನದ ಸಾಮಾನು ಪಟ್ಟಿ

ಜಶುಭಾಯಿ ಹಾಳೆಯ ಮೇಲೆ ಊರುಗಳನ್ನು ಬರೆಯುತ್ತಾನೆ,
ಅದೇ ಹಾಳೆಯ ಬೆನ್ನಿಗೆ ನಾನು ಹಿಟ್ಟು ಬರೆಯುತ್ತೇನೆ.
ಪಾಲನ್‌ಪುರದ ಬಸ್‌ ನಿಲ್ದಾಣದ ಹಿಂದೆ, ಟೈರಿನಂಗಡಿಯ ಮೇಲೆ
ಒಂದು ಫ್ಯಾನು, ಎರಡು ಕುರ್ಚಿ, ಗೋಡೆಗೆ ಅಂಬಾಜಿ.

ಪುಷ್ಕರ, ಮಥುರೆ, ಹರಿದ್ವಾರ, ಅಯೋಧ್ಯೆ,
ಕಾಶಿ, ಗಯೆ, ಪ್ರಯಾಗ, ಉಜ್ಜಯಿನಿ.
ಅವನ ಬಾಯಲ್ಲಿ ಅದು ಮಣಿ ಎಣಿಸಿದ ಹಾಗೆ ಉರುಳುತ್ತದೆ.
ನನ್ನ ಬಾಯಲ್ಲಿ:
ಗೋಧಿಹಿಟ್ಟು ಎರಡು ಕ್ವಿಂಟಾಲು,
ಹೆಸರುಬೇಳೆ ಮೂವತ್ತು ಕಿಲೋ,
ಏಕಾದಶಿ ಎರಡು ಬರುತ್ತವೆ, ಸಾಬುದಾಣಿ ಮರೆಯಬಾರದು,
ಹಲ್ಲಿಲ್ಲದವರು ಒಂಬತ್ತು ಮಂದಿ.

ಊರುಗಳು ನನಗೆ ಬೇರೆ ಥರ ಗೊತ್ತು.
ಮಥುರೆ ಅಂದರೆ ಕೋತಿ. ಲಟ್ಟಣಿಗೆಯನ್ನೂ ಬಿಡುವುದಿಲ್ಲ.
ಹರಿದ್ವಾರದಲ್ಲಿ ಬೆಳಗಿನ ಗಾಳಿಗೆ ಒಲೆ ಮೂರು ಸಲ ಆರುತ್ತದೆ.
ಕಾಶಿ ಅಂದರೆ ಊರಾಚೆಯ ಬಸ್ಸಿನ ಮೈದಾನ,
ಒಂದು ಬೇವು, ಒಂದು ಕೈಪಂಪು, ಅದರ ಕೀರಲು.
ಹನ್ನೊಂದು ಸಲ ಕಾಶಿಗೆ ಹೋದವನು ನಾನು.
ಹನ್ನೊಂದು ಸಲವೂ ವಿಶ್ವನಾಥ ಕಂಡದ್ದು
ದರ್ಶನ ಮುಗಿಸಿ ಬಂದವರ ಹಣೆಯ ಮೇಲೆ,
ಅವರು ತಟ್ಟೆ ಹಿಡಿದು ಬಗ್ಗಿದಾಗ.

ಗಯೆಯಲ್ಲಿ ಮಾತ್ರ ನನ್ನ ಲೆಕ್ಕ ತಪ್ಪುತ್ತದೆ.
ಪಿಂಡವಿಟ್ಟವರು ಒಂದೊಂದು ತರಕಾರಿ ಬಿಟ್ಟು ಬರುತ್ತಾರೆ.
ಅಪ್ಪನ ಹೆಸರಿನಲ್ಲಿ ಒಬ್ಬರು ಬದನೆ ಬಿಡುತ್ತಾರೆ, ಒಬ್ಬರು ಸೋರೆ.
ಹಾಗಲ ಬಿಟ್ಟವರೇ ಹೆಚ್ಚು. ಪಿತೃಗಳಿಗೆ ತಿಳಿಯದೇನು?
ಆಮೇಲೆ ಉಜ್ಜಯಿನಿಯ ತನಕ
ಬರೀ ಆಲೂಗಡ್ಡೆ.

ಮೆಟ್ಟಿಲಲ್ಲಿ ಏದುಸಿರು. ಕಾಶೀಬಾ.
ಎಪ್ಪತ್ನಾಲ್ಕು ವರ್ಷ, ಸೀಟು ಹದಿನಾರು.
ಹೆಸರಿಟ್ಟವರು ಕರೆದುಕೊಂಡು ಹೋಗಲಿಲ್ಲ,
ಕಟ್ಟಿಕೊಂಡವರು ಮುಂದಿನ ವರ್ಷ ಅಂದರು.
ಸೆರಗಿನ ಗಂಟು ಬಿಚ್ಚಿ ನೋಟು ಎಣಿಸುತ್ತಾ ಕೇಳುತ್ತಾಳೆ:
ಗಂಗೆ ಕಿಟಕಿಯ ಯಾವ ಪಕ್ಕಕ್ಕೆ?
ರಾತ್ರಿ ಬಸ್ಸು ನಿಲ್ಲಿಸುತ್ತೀರೋ, ತಡೆದುಕೊಳ್ಳಬೇಕೋ?
ನಡುವೆ ಸತ್ತರೆ ದುಡ್ಡು ವಾಪಸ್ಸೋ?
ಜಶುಭಾಯಿ ನಗುವುದಿಲ್ಲ, ಕ್ಯಾಲ್ಕುಲೇಟರ್ ಒತ್ತುತ್ತಾನೆ:
ಉಳಿದ ಊರಿನ ಲೆಕ್ಕ ವಾಪಸ್ಸು, ಬಾ,
ಕಾಶಿಯಲ್ಲಾದರೆ ಕೊಡುವುದಿಲ್ಲ.
ನ್ಯಾಯ, ಅನ್ನುತ್ತಾಳೆ. ರಸೀದಿ ಕೊಡು.

ಆಗ ನನ್ನ ಬಾಯಿಂದ ಬಿತ್ತು,
ಬೇಳೆಯ ಜೊತೆ ಕಲ್ಲು ಬಿದ್ದ ಹಾಗೆ:
ಗಯೆಯಲ್ಲಿ ನನಗೆ ಎರಡು ತಾಸು ಬೇಕು.

ಅಮ್ಮನದು ಸಿದ್ಧಪುರದಲ್ಲೇ ಮುಗಿಸಿದ್ದೇನೆ,
ಮಧ್ಯಾಹ್ನದ ಬಸ್ಸಿಗೆ ಹೋಗಿ ಸಂಜೆಗೆ ಬಂದೆ.
ಅಪ್ಪನದು ಉಳಿದಿದೆ.
ಮದುವೆಯ ಅಡುಗೆಯವನು ಅವನು, ಸಾವಿರ ಎಲೆಗೆ ಒಬ್ಬನೇ.
ಎಲ್ಲರದೂ ಆದ ಮೇಲೆ ತಳ ಕೆರೆದು ಉಂಡವನು.
ಹನ್ನೊಂದು ಸಲ ಆ ಊರಿನಲ್ಲಿ ಜವೆಹಿಟ್ಟು ಅಳೆದಿದ್ದೇನೆ,
ಎಳ್ಳು ಆರಿಸಿದ್ದೇನೆ,
ಯಾರ್ಯಾರದೋ ಅಪ್ಪಂದಿರಿಗೆ.
ನಮ್ಮವನು ಅಲ್ಲೆಲ್ಲೋ ಫಲ್ಗುವಿನ ಮರಳಲ್ಲಿ ಕೂತು
ಪಂಕ್ತಿ ಏಳಲಿ ಎಂದು ಕಾದಿರಬಹುದು.
ಅವನಿಗೆ ಅವಸರ ಇರಲಿಲ್ಲ ಎಂದೂ.
ಅದನ್ನೇ ನೆವ ಮಾಡಿಕೊಂಡೆ.

ಒಲೆ ಯಾರು ನೋಡುತ್ತಾರೆ, ಖೇಮರಾಜ?
ನಲವತ್ತೆರಡು ಹೊಟ್ಟೆ, ಅವನು ಕೇಳಿದ್ದು ಸರಿಯೇ.
ಕಾಶೀಬಾ ರಸೀದಿ ಮಡಿಸುತ್ತಾ, ಅತ್ತ ನೋಡುತ್ತಾ:
ಖಿಚಡಿ ಕಲಕಲಿಕ್ಕೆ ಮಹಾರಾಜ ಬೇಕೇನು?
ನನ್ನ ಕೈಯಲ್ಲಿ ಏಳು ಮಕ್ಕಳು ಉಂಡಿದ್ದಾರೆ,
ಒಬ್ಬರೂ ಮೆಚ್ಚಲಿಲ್ಲ, ಒಬ್ಬರೂ ಸಾಯಲಿಲ್ಲ.

ಜಶುಭಾಯಿ ಗಯೆಯ ಮುಂದೆ ಒಂದು ಗೀಟು ಹಾಕಿ
ಹೊರಡುವ ಹೊತ್ತನ್ನು ಎಂಟರಿಂದ ಹತ್ತಕ್ಕೆ ತಿದ್ದಿದ.

ನಾನು ಹಾಳೆ ಮಗುಚಿದೆ.
ಜವೆಹಿಟ್ಟು ಐದು ಕಿಲೋ. ಮೇಲೆ ಇನ್ನೊಂದು ಪಾವು.
ಬಿಡುವುದೇನು ಎಂದು ಯೋಚಿಸಿದೆ.
ಬದನೆ ಅವನಿಗೂ ಇಷ್ಟ, ನನಗೂ ಇಷ್ಟ.
ಕೊನೆಗೆ ಉಣ್ಣುವುದನ್ನು ಬಿಡಬಹುದೇ,
ಅದು ತರಕಾರಿಯಾಗುತ್ತದೆಯೇ,
ಅಲ್ಲಿನ ಪಂಡನನ್ನು ಕೇಳಬೇಕು.

ಇಂಗು ಇನ್ನೂ ಬರೆದಿಲ್ಲ.