ಅರೆನೆನಪಿನ ಗಿರಾಕಿ

ಕಾರವಾರದ ಕೋರ್ಟಿನ ಕಾಂಪೌಂಡಿಗೆ ಬೆನ್ನು ಕೊಟ್ಟು
ನನ್ನ ಮೇಜು, ರಿಬ್ಬನ್ನು ಸವೆದ ನನ್ನ ಟೈಪ್‌ರೈಟರು.
ಪುಟಕ್ಕೆ ಮೂವತ್ತು.
ಕೋಡಿಬಾಗದ ಶೇವಂತಿ ಪೆಡ್ನೇಕರ್
ಪ್ಲಾಸ್ಟಿಕ್ ಚೀಲದೊಳಗಿನ ಪ್ಲಾಸ್ಟಿಕ್ ಚೀಲದಿಂದ
ನೋಟೀಸು ತೆಗೆದಳು. ಒಂಬತ್ತು ಪುಟ, ಲಿಂಬೆಯ ವಾಸನೆ.

"ಓದಿ ಹೇಳಿ. ಬೈದಿದ್ದಾರೋ, ಕೇಳಿದ್ದಾರೋ?"

ಎರಡೂ ಅಲ್ಲ ಬಾಯಿ, ತಿಳಿಸಿದ್ದಾರೆ.
'ಟಾರಿ' ಎಂಬ ಪಾನೀಯ ಅವರದು,
ಟೀವಿಯಲ್ಲಿ ಹುಡುಗರು ಬಂಡೆಯಿಂದ ಹಾರಿ ಕುಡಿಯುವುದು.
ನಿಮ್ಮ 'ತಾರಿ ಸೋಡಾ' ಕಿವಿಗೆ ಅದರಂತೆಯೇ ಕೇಳುತ್ತದಂತೆ.
ಹದಿನೈದು ದಿನದಲ್ಲಿ ಬೋರ್ಡು ಇಳಿಸಬೇಕು,
ಲೇಬಲ್ಲು ಸುಡಬೇಕು, ಸುಟ್ಟದ್ದಕ್ಕೆ ಪುರಾವೆ ಕಳಿಸಬೇಕು.
ನಾಲ್ಕನೆಯ ಪುಟದಲ್ಲಿ ಇನ್ನೂ ಒಂದು ಮಾತಿದೆ:
ಈ ಶಬ್ದ ನಾವೇ ಹುಟ್ಟಿಸಿದ್ದು,
ಇದಕ್ಕೆ ಯಾವ ಭಾಷೆಯಲ್ಲೂ ಅರ್ಥವಿಲ್ಲ.

ಶೇವಂತಿ ಕಾಳಿ ನದಿಯ ಕಡೆ ನೋಡಿದಳು.
ಇಲ್ಲಿಂದ ಕಾಣುವುದಿಲ್ಲ ಅದು, ನಡುವೆ ಬ್ಯಾಂಕಿನ ಕಟ್ಟಡ.
"ಸೇತುವೆ ಬರುವ ಮುಂಚೆ ಜನ ಸದಾಶಿವಗಡಕ್ಕೆ
ಏನು ಹತ್ತಿ ಹೋಗುತ್ತಿದ್ದರಂತೆ?
ಅರ್ಥವಿಲ್ಲದ್ದನ್ನೇ?"

ತಾರಿಕಟ್ಟೆಯಲ್ಲಿ ಅವಳ ಮಾವ ಶಾಬಾ
ಒದ್ದೆ ಗೋಣಿಯಡಿ ಸೋಡಾ ಇಟ್ಟು ಮಾರುತ್ತಿದ್ದ.
ಆ ದಡದಿಂದ ದೋಣಿ ಬಿಟ್ಟಿತೆಂದರೆ
ಈ ದಡದಲ್ಲಿ ಗೋಲಿ ಒತ್ತುವ ಸದ್ದು.
ಸೇತುವೆ ಬಂತು, ತಾರಿ ನಿಂತಿತು,
ಅದರ ಹಲಗೆ ಯಾರದೋ ಕೋಳಿಗೂಡಾಯಿತು,
ಹೆಸರು ಮಾತ್ರ ಸೋಡಾದ ಪೆಟ್ಟಿಗೆ ಹತ್ತಿ ಊರೊಳಗೆ ಬಂತು.

ವಕೀಲರು ಕೇಳಿದ್ದು ಇಷ್ಟೇ:
ಯಾವ ವರ್ಷದಿಂದ? ಬಿಲ್ ಇದೆಯೇ?
ತಾರಿಗೆ ಕಾಯುವವನಿಗೆ ಯಾರು ಬಿಲ್ ಕೊಡುತ್ತಾರೆ?

ಹಳೆಯದೆಂದು ಅವಳು ತಂದದ್ದು ಒಂದೇ ಬಾಟಲಿ.
ಹಸಿರು ಗಾಜು, ಕುತ್ತಿಗೆಯಲ್ಲಿ ಚಿವುಟಿದ ಗುರುತು.
ಬೆರಳಾಡಿಸಿದೆ. ಉಬ್ಬಿದ ಅಕ್ಷರ ಸಿಕ್ಕವು:
ಜಾಂಬೋಟಿ ಏರೇಟೆಡ್ ವಾಟರ್ಸ್, ಶಹಾಪುರ.
"ಗುಜರಿಯಲ್ಲಿ ನೂರಕ್ಕೆ ಇಷ್ಟು ಅಂತ ತಂದದ್ದು," ಅಂದಳು,
"ಎಲ್ಲರ ಬಾಟಲಿಯಲ್ಲೂ ಯಾರದೋ ಹೆಸರೇ.
ಅವರನ್ನು ನಾವೂ ಕೇಳಿರಲಿಲ್ಲ."
ಇದನ್ನು ಟೈಪು ಮಾಡಬೇಡಿ ಎಂದು ಅವಳು ಹೇಳಲಿಲ್ಲ.
ನಾನು ಮಾಡಲಿಲ್ಲ.

ನೋಟೀಸಿನ ಕೊನೆಗೆ ಒಬ್ಬ ಮನುಷ್ಯ ಬರುತ್ತಾನೆ.
ಹೆಸರಿಲ್ಲ, ಊರಿಲ್ಲ. ಸಾಧಾರಣ ಬುದ್ಧಿ, ಅರೆಬರೆ ನೆನಪು.
ಅಂಗಡಿಗೆ ಬಂದು ಒಂದನ್ನು ಇನ್ನೊಂದೆಂದು ಮೋಸಹೋಗುವವನು.
ಇಡೀ ಕಂಪನಿ ಅವನ ಪರವಾಗಿ ನೊಂದಿದೆ.
"ಯಾರವನು?" ಶೇವಂತಿಗೆ ಸಿಟ್ಟು.
"ನಮ್ಮಲ್ಲಿಗೆ ಬರುವವರಿಗೆ
ಸಾಲ ಒಂದು ಬಿಟ್ಟು ಎಲ್ಲ ನೆನಪಿರುತ್ತದೆ."

ನನಗೆ ನಗು ಬರಲಿಲ್ಲ. ಅವನು ನಾನೇ ಇರಬಹುದು.
ಏಳು ವರ್ಷದವನು, ಅಪ್ಪನ ಕೈ ಹಿಡಿದು
ಆ ಕಟ್ಟೆಯಲ್ಲಿ ನಿಂತಿದ್ದೆ.
ಮೂಗಿಗೇರಿದ ಗ್ಯಾಸು ನೆನಪಿದೆ,
ಒಳಗಿನ ಗೋಲಿ ಬೇಕೆಂದು ಅತ್ತದ್ದು,
ಅಪ್ಪನ ಚಪ್ಪಲಿಗೆ ಮೆತ್ತಿದ ಕೆಸರು.
ಆದರೆ ಪೆಟ್ಟಿಗೆಯ ಮೇಲೆ 'ತಾರಿ' ಎಂದು ಬರೆದಿತ್ತೇ,
ಅಥವಾ ತಾರಿಯ ಬಳಿ ಕುಡಿದೆವೆಂದು
ನಾವೇ ಹಾಗೆ ಕರೆದೆವೇ?
ಅಫಿಡವಿಟ್ಟಿನಲ್ಲಿ ಹೂಂ ಅನ್ನಬಹುದಿತ್ತು. ಒಂದೇ ಸಾಲು.
ಬೆರಳು ಕೀಲಿಯ ಮೇಲೆ ನಿಂತೇ ಇತ್ತು.

'ಸನ್ ........ರಿಂದ ಬಳಕೆಯಲ್ಲಿದೆ' ಎಂದು ಹೊಡೆದು
ಜಾಗ ಖಾಲಿ ಬಿಟ್ಟು ಕಾಗದ ಎಳೆದುಕೊಟ್ಟೆ.
ಮೂರು ಪುಟ. ತೊಂಬತ್ತು ತಗೊಂಡೆ.

ಚೀಲದ ತಳದಿಂದ ತುಂಬಿದ ಬಾಟಲಿಯೊಂದನ್ನು ತೆಗೆದು
ಗೋಲಿಯ ಮೇಲೆ ಹೆಬ್ಬೆಟ್ಟು ಒತ್ತಿ
ನನ್ನ ಮುಂದಿಟ್ಟಳು.
ಅದಕ್ಕೆ ಅವಳು ಹಣ ತಗೊಳ್ಳಲಿಲ್ಲ.